ಹೆಪ್ಪಿನವರ ಮನೆಯ ಕುಡಿಕೆ

ಕುಡಿಕೆಯ ಮುಚ್ಚಳ ತೆಗೆದರೆ ಮೊದಲು ಬರುವುದು ಹುಳಿ ವಾಸನೆ. ಅದರ ಬೆನ್ನಿಗೆ ಸೆಗಣಿ ಕುಳ್ಳಿನ ಹೊಗೆಯ ವಾಸನೆ. ಅದರ ಹಿಂದೆ ಇನ್ನೊಂದು ಇದೆ, ಅದಕ್ಕೆ ಹೆಸರು ಗೊತ್ತಿಲ್ಲ. ಒದ್ದೆ ಮಣ್ಣು, ಕೆನೆ, ಹಳೆಯ ಇಳಕಲ್ ಸೀರೆಯ ಸೆರಗು ಎಲ್ಲ ಸೇರಿದ ಹಾಗೆ. ನಮ್ಮ ಮನೆಯಲ್ಲಿ ಈಗ ಗ್ಯಾಸಿನ ಒಲೆ ಇದೆ, ಹಾಲು ಕಾಯುವುದು ಸ್ಟೀಲಿನ ಪಾತ್ರೆಯಲ್ಲಿ, ಹೊಗೆ ಎಲ್ಲಿಂದ ಬರಬೇಕು ಎಂದು ಸೊಸೆ ಕೇಳುತ್ತಾಳೆ. ನನಗೆ ಬರುತ್ತದೆ, ಅಷ್ಟೇ. ಮುಚ್ಚಳ ತೆಗೆದಾಗಲೆಲ್ಲ ನಾನು ಗೊಬ್ಬೂರದ ಮಾಳಿಗೆ ಮನೆಯ ಕತ್ತಲೆ ಅಡಿಗೆಮನೆಯಲ್ಲಿ ನೆಲುವಿನ ಕೆಳಗೆ ನಿಂತಿರುತ್ತೇನೆ, ಕುತ್ತಿಗೆ ಮೇಲೆತ್ತಿಕೊಂಡು, ಕೈ ಎಟುಕದೆ. ನಿಮ್ಮ ಮನೆಯಲ್ಲೂ ಒಂದು ನೆಲುವು ಇದ್ದಿದ್ದರೆ, ಆ ಕುತ್ತಿಗೆ ನೋವು ನಿಮಗೂ ನೆನಪಿರುತ್ತದೆ.

ಮೊಮ್ಮಗಳು ಅಂಬಿಕಾ ಕಡಗಂಚಿಯಲ್ಲಿ ಓದುತ್ತಾಳೆ. ಮೂರು ಹುಡುಗಿಯರ ಜೊತೆ ಕೋಣೆ ಹಿಡಿದಿದ್ದಾಳೆ, ಅಡಿಗೆ ತಾವೇ ಮಾಡಿಕೊಳ್ಳುತ್ತಾರೆ. ಹೋದ ತಿಂಗಳು ಊರಿಗೆ ಬಂದಾಗ, ಹಳ್ಳಿಯವರ ಅಡ್ಡಹೆಸರು ಬರೆದುಕೊಂಡು ಬರ್ರಿ ಎಂದು ಮೇಡಂ ಹೇಳಿದ್ದಾರಂತೆ, ಪೆನ್ನು ಹಿಡಿದು ನನ್ನ ಮುಂದೆ ಕೂತಳು.

"ಅಜ್ಜಿ, ನಿನ್ನ ತವರುಮನಿ ಅಡ್ಡಹೆಸರು ಏನು?"

"ಹೆಪ್ಪಿನ."

"ಮೊಸರಿಗೆ ಹಾಕೋ ಹೆಪ್ಪೇನು?"

"ಮತ್ತ ಯಾವ ಹೆಪ್ಪದ ಬೇ?"

ಅವಳು ಫೋನಿನಲ್ಲಿ ಒತ್ತಿದಳು. ಫೋನು ಸ್ವಲ್ಪ ಹೊತ್ತು ತಿರುಗಿ, ಅಂಥವರು ಯಾರೂ ಇಲ್ಲ ಎಂದಿತು. ಸುಮ್ಮನಾದರೂ ಆಗಬಾರದೆ, ನೀವು ಕೇಳಿದ್ದು ಇವರನ್ನೋ ಎಂದು ಯಾವುದೋ ಇಂಗ್ಲಿಷ್ ಮನೆತನವನ್ನು ತೋರಿಸಿತು. ಅಂಬಿಕಾ ನಕ್ಕಳು. "ನೋಡು ಅಜ್ಜಿ, ಇವರ ಹೆಸರೂ ಅಪರೂಪದ್ದೇ ಅಂತ. ಆದ್ರೂ ಎಲ್ಲಿಂದ ಬಂತು, ಅರ್ಥ ಏನು, ಯಾವ್ಯಾವ ಊರಾಗ ಎಷ್ಟು ಮಂದಿ ಅದಾರ, ಎಲ್ಲಾ ಬರದಾರ. ನಿಮ್ಮದು ಒಂದು ಸಾಲೂ ಇಲ್ಲ."

"ಅವರಿಗೆ ಬರಿಯೋರು ಇದ್ರು, ಬರದ್ರು. ನಮಗ ನಾ ಅದೀನಿ, ಬರ್ಕೋ," ಎಂದೆ. ಹಾಗೆ ಅಂದ ಮೇಲೆ ಹೇಳಲೇಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತಿದ್ದೇನೆ.

ನಮ್ಮ ಕಡೆ ಅಡ್ಡಹೆಸರಿಗೆ ಯಾರೂ ನಗುವುದಿಲ್ಲ. ಬೆಲ್ಲದವರಿದ್ದಾರೆ, ಉಳ್ಳಾಗಡ್ಡಿಯವರಿದ್ದಾರೆ, ಮೆಣಸಿನಕಾಯಿಯವರಿದ್ದಾರೆ. ಏನು ಮಾರಿದರೋ, ಏನು ಬೆಳೆದರೋ, ಅದೇ ಹೆಸರಾಗಿ ನಿಂತಿತು. ಊರಿನ ಹೆಸರು ಹೊತ್ತವರಂತೂ ಲೆಕ್ಕವಿಲ್ಲ. ಹೆಪ್ಪಿನವರು ಮಾತ್ರ ಏನನ್ನೂ ಮಾರಲಿಲ್ಲ. ಗೊಬ್ಬೂರದಲ್ಲಿ ಒಂದೇ ಮನೆ, ನಡುವೆ ಗೋಡೆ ಎದ್ದ ಮೇಲೆ ಎರಡು. ಮನೆಯ ಹಿರಿಯಳು ಗುರುಬಾಯಿ, ನಾನು ಆಯಿ ಎಂದು ಕರೆಯುತ್ತಿದ್ದೆ. ಅವಳ ಮಗ ಚನ್ನಪ್ಪ ಕಾಕಾ, ಅವನ ಹೆಂಡತಿ ಕಾಕಿ. ಎರಡು ಎಮ್ಮೆ, ಒಂದು ಆಕಳು. ಸಂಜೆ ಕುಳ್ಳಿನ ಬೆಂಕಿಯ ಮೇಲೆ ಹಾಲು ಸಣ್ಣಗೆ ಕಾದು ಕಾದು ಕೆಂಪಗಾಗುತ್ತಿತ್ತು, ಮನೆಯೆಲ್ಲ ಆ ವಾಸನೆಯಲ್ಲಿ ನೆನೆಯುತ್ತಿತ್ತು. ಹಾಲು ಉಗುರುಬೆಚ್ಚಗೆ ಇಳಿದಾಗ ಆಯಿ ನೆಲುವಿನಿಂದ ಕುಡಿಕೆ ಇಳಿಸುವಳು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಮಣ್ಣಿನದು, ಒಳಗೆ ತಳದ ತುಂಬ ಹೆಪ್ಪು. ಒಂದು ಚಮಚ ಹಾಲಿಗೆ ಹಾಕಿ, ಕುಡಿಕೆಗೆ ಅದೇ ಹಾಲು ಒಂದಿಷ್ಟು ಹೊಯ್ದು, ಮತ್ತೆ ನೆಲುವಿಗೆ. ಮುಚ್ಚುವಾಗ ದಿನವೂ ಒಂದೇ ಮಾತು: "ಇನ್ನ ಅಲುಗಾಡಿಸಬ್ಯಾಡ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ."

ಆ ಹೊತ್ತಿಗೆ ಬಾಗಿಲಲ್ಲಿ ಬಟ್ಟಲು ಹಿಡಿದ ಹೆಂಗಸರು ಬರುತ್ತಿದ್ದರು. ಹಾಲು ಇದ್ದ ದಿನ ಬರುವರು, ಹೆಪ್ಪು ಒಯ್ಯುವರು, ಆದ ಮೊಸರನ್ನು ಮರುದಿನವೇ ಮುಗಿಸುವರು. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾವುದನ್ನೂ ಮನೆಯಿಂದ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಎನ್ನುತ್ತಾರೆ. ಹೆಪ್ಪಿನವರ ಮನೆಯಲ್ಲಿ ಮಾತ್ರ ದೀಪ ಹಚ್ಚಿದ ಮೇಲೂ ಕೊಡುವ ಪದ್ಧತಿ. "ಒಂದು ಚಮಚಾ ಕೊಟ್ರ ಎದ್ದು ಹೋಗೋ ಲಕ್ಷ್ಮಿ ಇದ್ದರ ಏನು, ಬಿಟ್ರ ಏನು," ಎನ್ನುತ್ತಿದ್ದಳು ಆಯಿ. ಹೆಸರು ಬಂದದ್ದು ಇದರಿಂದಲೇ. ಯಾವ ಕಾಲದಲ್ಲಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಮುತ್ತಜ್ಜಿಯೊಬ್ಬಳು ಅಕ್ಕಲಕೋಟ ಕಡೆಯಿಂದ ಮದುವೆಯಾಗಿ ಬರುವಾಗ ಹೆಪ್ಪು ಕಟ್ಟಿಕೊಂಡು ಬಂದಳು ಎಂದು ಕಾಕಾ ಹೇಳುವನು. ಊರಿನ ದನಗಳಿಗೆ ಬೇನೆ ಬಂದ ವರ್ಷ ಇವರದೊಂದೇ ಎಮ್ಮೆ ಉಳಿದಿತ್ತು ಎಂದು ಆಯಿ ಹೇಳುವಳು. ಎರಡನ್ನೂ ಬರ್ಕೋ ಎಂದೆ ಅಂಬಿಕಾಗೆ. ಯಾವುದು ಖರೆ ಎಂದು ನನಗೂ ತಿಳಿಯದು.

ಇನ್ನು ನನ್ನ ಸಂಗತಿ. ನಾನು ಆ ಮನೆಯಲ್ಲಿ ಹುಟ್ಟಿದವಳಲ್ಲ. ನನ್ನ ಅವ್ವ ಜೇವರ್ಗಿ ಕಡೆಯ ಕೊಳಕೂರದವಳು, ಗಂಡ ಸತ್ತ ಮೇಲೆ ತೊಗರಿ ಕೊಯ್ಲಿಗೆ ಬರುವ ಮಂದಿಯ ಜೊತೆ ನನ್ನನ್ನು ಬಗಲಲ್ಲಿಟ್ಟುಕೊಂಡು ಗೊಬ್ಬೂರಕ್ಕೆ ಬಂದಳು. ಹೆಪ್ಪಿನವರ ಹೊಲದಲ್ಲಿ ಕೆಲಸ. ಅಲ್ಲೇ ಜ್ವರ ಬಂತು, ನಾಲ್ಕು ದಿನಕ್ಕೆ ಸತ್ತಳು. ಅವಳ ಮುಖ ನನಗೆ ನೆನಪಿಲ್ಲ. ಇದೆ ಎಂದು ಸುಳ್ಳು ಹೇಳುವುದಿಲ್ಲ. ಕೊಳಕೂರಕ್ಕೆ ಹೇಳಿ ಕಳಿಸಿದರು, ಯಾರೂ ಬರಲಿಲ್ಲ. ಬಂದವರ ಜೊತೆ ಕಳಿಸೋಣ ಎಂದು ಇಟ್ಟುಕೊಂಡರು, ಬರುವವರಿಲ್ಲದೆ ನಾನು ಉಳಿದೆ. ಆಗ ನನಗೆ ಐದು ವರ್ಷವಿರಬಹುದು. ಉಣ್ಣಲು ಕೊಟ್ಟರು, ಲಂಗ ಹೊಲಿಸಿದರು, ಆಯಿಯ ಪಕ್ಕದಲ್ಲಿ ಕೌದಿ ಹಾಸಿದರು. ಆದರೂ ನಾನು ಯಾರು ಎಂದು ಯಾರೂ ಹೇಳಿರಲಿಲ್ಲ.

ಅದನ್ನು ಕೇಳಿದ್ದು ಶಾಲೆಯ ಮಾಸ್ತರರು. ಆಯಿ ನನ್ನನ್ನು ಶಾಲೆಗೆ ಕೂರಿಸಿದ್ದಳು, ಮಾಸ್ತರರು ಹೆಸರು ಬರೆದುಕೊಳ್ಳದೆ ಆರು ತಿಂಗಳು ಸುಮ್ಮನೆ ಕೂರಲು ಬಿಟ್ಟಿದ್ದರು. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದಾಗ ಮನೆಗೆ ಬಂದರು. "ನೀಲಮ್ಮ ಅಂತ ಬರೀತೀನ್ರಿ ಆಯಿ. ಅಡ್ಡಹೆಸರು ಏನಂತ ಬರೀಲಿ? ಸೋಮವಾರದೊಳಗ ಹೇಳ್ರಿ."

ಅಪ್ಪನ ಅಡ್ಡಹೆಸರು ನನಗೆ ಗೊತ್ತಿರಲಿಲ್ಲ. ಕಾಕಿ ಒಲೆಯ ಮುಂದಿನಿಂದಲೇ ಹೇಳಿದಳು: "ಕೊಳಕೂರ ಅಂತ ಬರಸ್ರಿ. ಸುಳ್ಳಂತೂ ಅಲ್ಲಲ್ಲ. ಅನ್ನಾ ಹಾಕೋದು ಬ್ಯಾರೆ, ಹೆಸರು ಕೊಡೋದು ಬ್ಯಾರೆ. ನಾಳೆ ಇಕಿ ಏನರ ಮಾಡಿದ್ಲಂದ್ರ ಹೆಪ್ಪಿನವರ ಹುಡುಗಿ ಮಾಡಿದ್ಲು ಅಂತಾರ." ಕಾಕಿ ಕೆಟ್ಟವಳಲ್ಲ. ನನ್ನ ತಲೆಯ ಹೇನು ತೆಗೆದವಳು ಅವಳೇ, ಮುಂದೆ ನನ್ನ ಮೊದಲ ಹೆರಿಗೆಗೆ ಗಂಡನ ಮನೆ ಆಳಂದಕ್ಕೆ ಬಂದು ತಿಂಗಳು ನಿಂತವಳೂ ಅವಳೇ. ಅವಳಿಗೆ ಎರಡು ಹೆಣ್ಣು ಇದ್ದವು, ಮನೆಯ ಹೆಸರು ಕಾಯುವ ಚಿಂತೆ ಇತ್ತು. ಆಯಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾಗಿಲ ಹಿಂದೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಒಳ್ಳೆಯವಳಾದರೆ ಹೆಸರು ಸಿಗುತ್ತದೆ, ಇಲ್ಲದಿದ್ದರೆ ಸಿಗುವುದಿಲ್ಲ ಎಂದು ನನಗೆ ಅರ್ಥವಾಯಿತು. ಸೋಮವಾರಕ್ಕೆ ಮೂರು ದಿನ ಇತ್ತು.

ಅದು ಸೀತನಿ ಕಾಲ. ಬಿಳಿಜೋಳದ ತೆನೆ ಹಾಲುಗಾಳಾಗಿದ್ದಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರಿನ ಜೊತೆ ತಿನ್ನುವುದು. ಹೆಪ್ಪಿನವರು ವರ್ಷಕ್ಕೊಂದು ದಿನ ಊರನ್ನೇ ಹೊಲಕ್ಕೆ ಕರೆಯುತ್ತಿದ್ದರು. ರವಿವಾರ ಬೆಳಗ್ಗೆ ಮನೆಯ ಮೊಸರಿನ ಗಡಿಗೆಗಳೆಲ್ಲ ಬಂಡಿ ಹತ್ತಿದವು. ಊರಿನವರೂ ತಮ್ಮ ತಮ್ಮ ಮನೆಯ ಮೊಸರು ಹಿಡಿದು ಬಂದರು. ನನ್ನ ಕಾಲಿಗೆ ಮುಳ್ಳು ಚುಚ್ಚಿ ಬಾತಿತ್ತು, "ನೀ ಮನಿ ನೋಡ್ಕೊಂಡು ಇರು, ತೆನಿ ತರ್ತೀವಿ," ಎಂದು ಕಾಕಿ ಬಾಗಿಲು ಎಳೆದುಕೊಂಡು ಹೋದಳು.

ಒಬ್ಬಳೇ ಕೂತು ಏನು ಮಾಡಲಿ? ಒಳ್ಳೆಯವಳಾಗಲು ಅದೊಂದೇ ದಿನ ಉಳಿದಿತ್ತು. ಕುಂಟುತ್ತಲೇ ಅಂಗಳ ಗುಡಿಸಿದೆ. ಹಿತ್ತಾಳೆ ಚರಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಡಿಗೆಮನೆಯಲ್ಲಿ ತಿಕ್ಕದೆ ಉಳಿದದ್ದು ಏನಿದೆ ಎಂದು ಸುತ್ತ ನೋಡಿದೆ. ಮೇಲೆ ನೆಲುವಿನಲ್ಲಿ ಕುಡಿಕೆ, ಮನೆಯ ಪಾತ್ರೆಗಳಲ್ಲೆಲ್ಲ ಅದೊಂದೇ ಕಪ್ಪು. ಅಂಚಿನ ಸುತ್ತ ಹಳೆಯ ಕೆನೆ ಒಣಗಿ ಪದರ ಕಟ್ಟಿತ್ತು. ಇಷ್ಟು ದೊಡ್ಡ ಮನೆಯಲ್ಲಿ ಇದನ್ನೊಂದು ತೊಳೆಯುವವರಿಲ್ಲವೇ ಎಂದು ಬೇಸರವಾಯಿತು. ಕಾಳಿನ ಡಬ್ಬಿಯ ಮೇಲೆ ಹತ್ತಿ ಇಳಿಸಿದೆ. ಒಳಗಿದ್ದದ್ದನ್ನು ಬೆಕ್ಕಿಗೆ ಹಾಕಿದೆ. ಬೂದಿ ಹಾಕಿ, ತೆಂಗಿನ ನಾರು ಹಿಡಿದು, ಒಳಗೂ ಹೊರಗೂ ತಿಕ್ಕಿದೆ, ಬಿಸಿನೀರು ಹೊಯ್ದು ತೊಳೆದೆ, ಬಿಸಿಲಿಗೆ ಬೋರಲು ಹಾಕಿದೆ. ಮಧ್ಯಾಹ್ನಕ್ಕೆ ಅದು ಹೊಸದಾಗಿ ಸುಟ್ಟು ತೆಗೆದ ಹಾಗೆ ಕಾಣುತ್ತಿತ್ತು. ಮತ್ತೆ ಡಬ್ಬಿ ಹತ್ತಿ ನೆಲುವಿನಲ್ಲಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಮತ್ತೆ ಮಾಡಿಲ್ಲ.

ಹೊತ್ತು ಇಳಿಯುವಾಗ ಬಂಡಿ ಬಂತು. ಎಲ್ಲರ ಬಾಯಿಗೂ ಸುಟ್ಟ ಜೋಳದ ಮಸಿ, ಎಲ್ಲರೂ ನಗುತ್ತಿದ್ದರು. ಗಡಿಗೆಗಳು ಬರಿದಾಗಿದ್ದವು, ಹೊಲದಲ್ಲೇ ತೊಳೆದು ತಂದಿದ್ದರು. ಹಾಲು ಕಾಯಿತು, ಇಳಿಯಿತು. ಆಯಿ ನೆಲುವಿಗೆ ಕೈ ಹಾಕಿದಳು. ಕುಡಿಕೆ ಹಗುರವಾಗಿ ಬಂದದ್ದು ಅವಳ ಕೈಗೇ ತಿಳಿದಿರಬೇಕು, ಒಳಗೆ ನೋಡುವ ಮೊದಲೇ ಮುಖ ಬೇರೆಯಾಯಿತು.

"ಯಾರು ತೊಳದಾರ ಇದನ್ನ?"

"ನಾ, ಆಯಿ. ಭಾಳ ಹೊಲಸಾಗಿತ್ತು," ಎಂದೆ. ಶಹಬ್ಬಾಸ್ ಅನ್ನುತ್ತಾಳೆ ಎಂದು ಕಾದೆ.

ಕಾಕಿ ಹಣೆ ಬಡಿದುಕೊಂಡಳು. "ನೋಡ್ರಿ ಅತ್ತಿ, ನೋಡ್ರಿ! ನಾ ಏನಂದಿದ್ದೆ? ಎಷ್ಟು ತಲಿಮಾರಿನ ಹೆಪ್ಪು, ಬೆಕ್ಕಿನ ಬಾಯಿಗೆ ಹಾಕಿ ಕೂತದ ಈ ಹುಡುಗಿ!" ಆಗ ನನಗೆ ತಿಳಿಯಿತು. ಅಳು ಬರಲಿಲ್ಲ. ಕೊಳಕೂರಕ್ಕೆ ದಾರಿ ಯಾವ ಕಡೆ ಎಂದಷ್ಟೇ ಯೋಚಿಸಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಓಣಿಯ ಶಾಂತವ್ವ ಬಟ್ಟಲು ಹಿಡಿದು ನಿಂತಳು, ಅವಳ ಹಿಂದೆ ಇನ್ನಿಬ್ಬರು. "ಆಯಿ, ನಮ್ಮ ಮೊಸರು ಹೊಲ್ದಾಗೇ ಖಾಲಿ ಆತು. ಒಂದೀಟು ಹೆಪ್ಪು ಕೊಡ್ರಿ." ಕಾಕಿ ತಗ್ಗಿದ ದನಿಯಲ್ಲಿ ಅಂದಳು: "ಹುಣಸಿಹಣ್ಣು ಕಿವುಚಿ ಹಾಕಿ ಹೆಪ್ಪ ಮಾಡೋಣ್ರಿ ಅತ್ತಿ. ಇವರಿಗೆ ನಾಳೆ ಬರ್ರಿ ಅನ್ನೋಣು. ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲ," ಎಂದಳು ಆಯಿ.

ಒಂದು ಕೈಯಲ್ಲಿ ಆ ತೊಳೆದ ಕುಡಿಕೆ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ. ಬಟ್ಟಲು ಹಿಡಿದವರ ನಡುವೆಯೇ ಹೊರಗೆ ನಡೆದಳು. ಅವತ್ತು ಸೀತನಿಗೆ ಬಾರದವಳು ಊರಲ್ಲಿ ಒಬ್ಬಳೇ ಇದ್ದಳು, ಗೋಡೆಯಾಚೆಯ ಕಾಶಿಬಾಯಿ, ಆಯಿಯ ನೆಗೆಣ್ಣಿ, ಮೈದುನನ ಹೆಂಡತಿ. ಮನೆ ಪಾಲಾದಾಗ ಇಬ್ಬರೂ ಒಂದೊಂದು ಕುಡಿಕೆ ಹೆಪ್ಪು ತೆಗೆದುಕೊಂಡು ಬೇರೆಯಾಗಿದ್ದರು, ಆಮೇಲೆ ಒಂಬತ್ತು ವರ್ಷ ಮಾತಿಲ್ಲ. ಯಾತಕ್ಕೆ ಎಂದು ಕೊನೆಗೂ ತಿಳಿಯಲಿಲ್ಲ; ಒಬ್ಬರು ಬೀಸುಕಲ್ಲು ಎಂದರೆ ಒಬ್ಬರು ತೊಟ್ಟಿಲು ಎನ್ನುವರು. ಎರಡು ಬಾಗಿಲಿನ ನಡುವೆ ಹತ್ತು ಹೆಜ್ಜೆ ಇರಲಿಲ್ಲ. ಆಯಿ ಆ ಹೊಸ್ತಿಲ ಹೊರಗೆ ನಿಂತಳು, ಒಳಗೆ ಕಾಲಿಡಲಿಲ್ಲ.

"ಯಾರದು?" ಒಳಗಿನಿಂದ ದನಿ.

"ನಾ."

"ನಾ ಅಂದ್ರ ಯಾರು?" ಗೊತ್ತಿದ್ದೇ ಕೇಳಿದಳು.

"ಹೆಪ್ಪಿನ ಗುರುಬಾಯಿ. ಹೆಪ್ಪು ಕೇಳಾಕ ಬಂದೇನಿ."

ಕಾಶಿಬಾಯಿ ಸೆರಗು ಸರಿ ಮಾಡಿಕೊಳ್ಳುತ್ತ ಹೊರಗೆ ಬಂದಳು. ಎತ್ತರದ ಹೆಂಗಸು, ಮೂಗಿನಲ್ಲಿ ದೊಡ್ಡ ಮೂಗುಬಟ್ಟು. ಕುಡಿಕೆ ನೋಡಿದಳು, ನನ್ನನ್ನು ನೋಡಿದಳು, ಆಯಿಯ ಹಿಂದೆ ಬಂದು ಸೇರಿದ್ದ ಓಣಿಯ ಹೆಂಗಸರನ್ನು ನೋಡಿದಳು. "ಅಯ್ಯ, ಊರಿಗೆಲ್ಲಾ ಹಂಚಾಕಿ ನನ್ನ ಬಾಗಿಲಿಗೆ ಬಂದಾಳಲ್ಲ! ಏನಾತು, ಬೆಕ್ಕು ನೆಲುವಿಗೆ ಹಾರಿತೇನು?"

ಬೆಕ್ಕು ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಹೌದು ಎನ್ನುತ್ತಿದ್ದರು, ಬೆಕ್ಕು ಕುಡಿದದ್ದೂ ಸುಳ್ಳಲ್ಲ. ನನ್ನ ರಟ್ಟೆ ಹಿಡಿದ ಕೈ ಬಿಗಿಯಾಯಿತು.

"ಬೆಕ್ಕಲ್ಲ. ನಮ್ಮ ಹುಡುಗಿ ತೊಳದಾಳ."

"ನಿಮ್ಮ ಹುಡುಗಿ ಯಾವಾಗ ಆದಳು? ಕೊಳಕೂರದ ಕೂಸಲ್ಲೇನು ಇದು?"

"ಹಾಲು ಯಾವ ಊರಿನ ಎಮ್ಮೀದಂತ ಹೆಪ್ಪು ಕೇಳ್ತದೇನು ಕಾಶೀ? ಮಾತು ಸಾಕು, ಕುಡಿಕಿ ತುಂಬು. ಹಾಲು ಆರಾಕತ್ತದ, ಮಂದಿ ನಿಂತಾರ."

ಕಾಶಿಬಾಯಿ ಕುಡಿಕೆ ಕಿತ್ತುಕೊಂಡು ಒಳಗೆ ಹೋದಳು. ತಂದುಕೊಟ್ಟಾಗ ಅಂಚಿನವರೆಗೆ ತುಂಬಿತ್ತು. ಒಂದು ಚಮಚ ಸಾಕಿತ್ತು. ಅವಳು ಮನೆಯ ಗಡಿಗೆಯನ್ನೇ ಬಗ್ಗಿಸಿದ್ದಳು. ಕೊಡುವಾಗ ಆಯಿಯ ಮುಖ ನೋಡಲಿಲ್ಲ, ಬಾಗಿ ನನ್ನ ಕಿವಿ ಹಿಂಡಿದಳು. "ಇನ್ನೊಮ್ಮೆ ತೊಳದೆಂದ್ರ ನೋಡು, ಖೋಡಿ. ಬಿಸಿನೀರಾಗ ಅಂಚು ಒರಸೋದು, ಅಷ್ಟೇ. ತಿಕ್ಕೋದು ಇಲ್ಲ." ಆಯಿ ಅಲ್ಲೇ ಹೊಸ್ತಿಲ ಮುಂದೆ ನಿಂತು ಶಾಂತವ್ವನ ಬಟ್ಟಲಿಗೆ, ಉಳಿದಿಬ್ಬರ ಬಟ್ಟಲಿಗೆ ಒಂದೊಂದು ಚಮಚ ಹಾಕಿದಳು. ಆಮೇಲೆ ಮನೆಗೆ ಬಂದು ಹಾಲಿಗೆ ಹೆಪ್ಪು ಹಾಕಿ, ಮುಚ್ಚಿ, "ಇನ್ನ ಅಲುಗಾಡಿಸಬ್ಯಾಡ್ರಿ," ಎಂದಳು. ಅವತ್ತು ಆ ಮಾತು ಕಾಕಿಗೂ ಸೇರಿತ್ತು ಎಂದು ಈಗ ಅನಿಸುತ್ತದೆ.

ಇಬ್ಬರೂ ಕೂಡಿದರು ಎಂದು ಅಂದುಕೊಳ್ಳಬೇಡಿ. ಮರುದಿನದಿಂದ ಮತ್ತೆ ಮಾತಿಲ್ಲ. ಆದರೆ ಆಯಿ ಸತ್ತಾಗ ಗೊಬ್ಬೂರದ ಮನೆಯಲ್ಲಿ ಮೂರು ದಿನ ಹಾಲು ಕಾಯಿಸಲಿಲ್ಲ. ನಾಲ್ಕನೆಯ ದಿನ ಒಲೆ ಹೊತ್ತಿಸಿದಾಗ ಕಾಶಿಬಾಯಿ ತಾನೇ ಒಂದು ಬಟ್ಟಲು ಹೆಪ್ಪು ತಂದು ಒಲೆಕಟ್ಟೆಯ ಮೇಲಿಟ್ಟು, ಯಾರೊಡನೆಯೂ ಮಾತಾಡದೆ ಹೋದಳು.

ಸೀತನಿಯ ಮರುದಿನ, ಸೋಮವಾರ, ಆಯಿ ನನ್ನನ್ನು ಕರೆದುಕೊಂಡು ಶಾಲೆಗೆ ಬಂದಳು. "ಬರೀರಿ ಮಾಸ್ತರ್. ನೀಲಮ್ಮ ಹೆಪ್ಪಿನ."

"ಮನ್ಯಾಗ ಎಲ್ಲಾರೂ ಒಪ್ಯಾರೇನ್ರಿ ಆಯಿ?"

"ನಿನ್ನಿ ಓಣಿ ಮುಂದ ಹೇಳೇನಿ. ಬರೀರಿ."

ನಾನು ಶಾಲೆಗೆ ಹೋದದ್ದು ಎರಡು ವರ್ಷ. ಅದರಲ್ಲಿ ಗಟ್ಟಿಯಾಗಿ ಕಲಿತದ್ದು ಆ ಹೆಸರು ಬರೆಯುವುದು. ಮದುವೆಯ ಮಾತು ನಡೆದಾಗ ಆಳಂದ ಕಡೆಯವರು ಯಾವ ಮನೆತನ ಎಂದು ಕೇಳಿದರು, ಹೆಪ್ಪಿನವರು ಎಂದರು, ಬೀಗರು ಮತ್ತೇನೂ ಕೇಳಲಿಲ್ಲ. ಆಯಿಯೇ ಬಾಯಿ ಬಿಟ್ಟು ಹೇಳಿದಳು, "ನಾವು ಹಡದಿಲ್ಲ, ಬೆಳಸೀವಿ. ತಿಳಕೊಂಡು ಒಯ್ಯೋದಿದ್ರ ಒಯ್ರಿ." ಒಯ್ದರು. ಆ ಹೆಸರಿಲ್ಲದಿದ್ದರೆ ನನಗೆ ಈ ಮನೆ ಇರಲಿಲ್ಲ, ಮಕ್ಕಳಿರಲಿಲ್ಲ, ಪ್ರಶ್ನೆ ಕೇಳುವ ಅಂಬಿಕಾ ಇರಲಿಲ್ಲ. ಹೊರಡುವ ದಿನ ಆಯಿ ನನ್ನ ಗಂಟಿನಲ್ಲಿ ಬಿಳಿ ಬಟ್ಟೆಯ ಚೂರೊಂದನ್ನು ಇಟ್ಟಳು, ಮೊಸರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದ್ದು. ಬೆಚ್ಚಗಿನ ಹಾಲಿಗೆ ಅದನ್ನು ಹಾಕಿದರೆ ಹೆಪ್ಪಾಗುತ್ತದೆ. ನಾನು ಕುಡಿಕೆ ತೊಳೆದ ಮೇಲೆ ಆಯಿ ಅಂಥದೊಂದು ಬಟ್ಟೆಯನ್ನು ಯಾವಾಗಲೂ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದಳು.

ಆಗ ಕೇಳಿದೆ, ಅಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು. "ಅವತ್ತು ನನಗ ಯಾಕ ಹೊಡೀಲಿಲ್ಲ, ಆಯಿ? ಹೆಸರು ಯಾಕ ಕೊಟ್ಟಿ?"

ಅವಳು ಗಂಟು ಬಿಗಿಯುತ್ತಲೇ ಹೇಳಿದಳು: "ಕೂಲಿಯಾಕಿ ಮಗಳ ಹಾಂಗ ಇದ್ದಿದ್ರ ಹೇಳಿದ್ದಷ್ಟು ಮಾಡಿ ಸುಮ್ಮ ಕೂಡ್ತಿದ್ದಿ. ಹೇಳಲಾರದ್ದು ಮಾಡಿದಿ, ಕೆಡಿಸಿದಿ. ತನ್ನ ಮನಿ ಅನಕೊಂಡಾಕಿನೇ ಹಂಗ ಮಾಡ್ತಾಳ."

ಇಷ್ಟು ಹೇಳಿದಾಗ ಅಂಬಿಕಾ ಪೆನ್ನು ಕೆಳಗಿಟ್ಟಿದ್ದಳು. "ಈಗ ಆ ಹೆಸರಿನವರು ಎಷ್ಟು ಮಂದಿ ಅದಾರ ಅಜ್ಜಿ?" ಯಾರೂ ಇಲ್ಲ. ಕಾಕಾನ ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಮನೆಯ ಹೆಸರಿನವರಾದರು, ನಾನೂ ಹಾಗೇ ಬಿರಾದಾರಳಾದೆ. ಕಾಶಿಬಾಯಿಯ ಮಗ ಪೇಟೆ ಸೇರಿ ಗೊಬ್ಬೂರ ಎಂದು ಬರೆಸಿಕೊಂಡ. ಮಾಳಿಗೆ ಮನೆ ಕೆಡವಿ ಅಲ್ಲಿ ಯಾರೋ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ನಡುವಿನ ಗೋಡೆಯೂ ಹೋಯಿತು, ಈಗ ಎರಡು ಮನೆಯ ಜಾಗ ಒಂದೇ ಆಗಿದೆ. ನೋಡಿ ಬಂದೆ, ಅಳಲಿಲ್ಲ. ಆ ಮನೆ ನನಗೆ ಕೊಡಬೇಕಾದ್ದನ್ನು ಕೊಟ್ಟು ಮುಗಿಸಿತ್ತು. ಫೋನಿಗೆ ಗೊತ್ತಿಲ್ಲದ್ದು ಅದರ ತಪ್ಪಲ್ಲ.

ಅಂಬಿಕಾ ಕಡಗಂಚಿಗೆ ಹೊರಟಾಗ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ ಕೊಟ್ಟೆ. ತಿಕ್ಕಬ್ಯಾಡ, ಅಂಚು ಒರೆಸು ಎಂದೆ. ಮೊನ್ನೆ ಫೋನು ಮಾಡಿದ್ದಳು. ಆ ಕಟ್ಟಡದಲ್ಲಿ ಎಂಟು ಕೋಣೆ, ಎಲ್ಲದರಲ್ಲೂ ಓದುವ ಹುಡುಗಿಯರು. ಪಕ್ಕದ ಕೋಣೆಯವರು ಒಂದು ಸಂಜೆ ಹೆಪ್ಪು ಕೇಳಿದರಂತೆ, ಆಮೇಲೆ ಮೇಲಿನವರು, ಆಮೇಲೆ ಎದುರಿನವರು.

"ಅಜ್ಜಿ, ನಮ್ಮ ಕ್ಲಾಸಿನಾಗ ಮೂವರು ಅಂಬಿಕಾ ಅದೀವಿ. ನನಗ ಈಗ ಎಲ್ಲಾರೂ ಏನಂತಾರ ಗೊತ್ತೇನು? ಹೆಪ್ಪಿನ ಅಂಬಿಕಾ ಅಂತಾರ."

"ಸಿಟ್ಟು ಬಂತೇನು?"

"ಇಲ್ಲ ಬಿಡು," ಎಂದಳು. ಹಿಂದಿನಿಂದ ಯಾರೋ ಬಾಗಿಲು ಬಡಿದ ಸದ್ದಾಯಿತು, "ತಡಿ ಅಜ್ಜಿ, ಯಾರೋ ಬಟ್ಟಲಾ ಹಿಡದು ಬಂದಾರ," ಎಂದು ಇಟ್ಟಳು.

ಹೊರಗೆ ಬೀದಿ ದೀಪ ಹೊತ್ತಿತ್ತು. ನಮ್ಮ ಮನೆಯ ಹಾಲು ಉಗುರುಬೆಚ್ಚಗೆ ಇಳಿದಿತ್ತು. ಕುಡಿಕೆ ತೆಗೆದೆ, ಒಂದು ಚಮಚ ಹಾಕಿದೆ, ಮುಚ್ಚಿದೆ. ಸೊಸೆ ಪಾತ್ರೆಯನ್ನು ಆಚೆ ಸರಿಸಲು ಬಂದಳು.

"ಇನ್ನ ಅಲುಗಾಡಿಸಬ್ಯಾಡ," ಎಂದೆ. "ಅದರ ಪಾಡಿಗೆ ಅದನ್ನ ಬಿಡು."